ಮಟ್ಟುಗಳು ಮರೆಯಾಗುವ ಮುನ್ನ: ಬಳ್ಳಾರಿಯ ಹವ್ಯಾಸಿ ಸಂಗೀತ ನಾಟಕ ಸಭೆಗಳಿಗಾಗಿ ಒಂದು ಬಹಿರಂಗ ಪತ್ರ

ಬಳ್ಳಾರಿಯ ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹಿರಿಯರಿಗೆ ಹಾಗೂ ನಮ್ಮೂರಿನ ಸಮಸ್ತ ಬಂಧುಗಳಿಗೆ,

ನಮಸ್ಕಾರಗಳು.

ಕಳೆದ ಮಾಘದಲ್ಲಿ ಕಂಪ್ಲಿ ಕಡೆಯ ಹಳ್ಳಿಯೊಂದರಲ್ಲಿ ಹಾರ್ಮೋನಿಯಂ ಮಾಸ್ತರರೊಬ್ಬರು ತೀರಿಕೊಂಡರು. ಅವರಿಗೆ ಎಂಬತ್ತೆಂಟು ವರ್ಷವಾಗಿತ್ತು. ಸುತ್ತಲಿನ ಹತ್ತಾರು ಊರುಗಳ ರೈತರಿಗೆ, ಕಿರಾಣಿ ಅಂಗಡಿಯವರಿಗೆ, ಶಾಲಾ ಶಿಕ್ಷಕರಿಗೆ ನಾಟಕ ಕಲಿಸಿದವರು ಅವರು. ಅದರ ಹಿಂದಿನ ದಸರೆಯಲ್ಲಿ ಅವರ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹಳೆಯ ರಂಗಗೀತೆಗಳನ್ನು ಒಂದಾದ ಮೇಲೊಂದು ಹಾಡಿದರು. ದನಿ ನಡುಗುತ್ತಿತ್ತು, ಬೆರಳು ನಡುಗುತ್ತಿರಲಿಲ್ಲ. "ಸುಗ್ಗಿ ಮುಗಿಯಲಿ ಮಾಸ್ತರರೇ, ಒಂದು ವಾರ ಬಂದು ನಿಮ್ಮಲ್ಲೇ ಇದ್ದು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ" ಎಂದು ಹೇಳಿ ಬಂದೆ. ಸುಗ್ಗಿ ಮುಗಿಯುವ ಹೊತ್ತಿಗೆ ಅವರಿರಲಿಲ್ಲ. ಆ ವಿಳಂಬ ನನ್ನದು, ಅದರ ನೋವು ನನ್ನನ್ನು ಬಿಟ್ಟಿಲ್ಲ. ಇನ್ನೂ ಹೀಗೆ ಎಷ್ಟು ಮಂದಿಯನ್ನು ಕಳೆದುಕೊಳ್ಳಬೇಕು ಎಂಬ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕ. ಹಾರ್ಮೋನಿಯಂ ನುಡಿಸುವುದು ನಮ್ಮ ತಾತನಿಂದ ಬಂದದ್ದು. ತಾತ ಬಳ್ಳಾರಿಯ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದರು. ಹಗಲೆಲ್ಲ ಅರ್ಜಿ, ನಕಲು, ವಕಾಲತ್ತು; ರಾತ್ರಿ ಊಟವಾದ ಮೇಲೆ ತಾಲೀಮು. ಅವರ ಹಾಡಿನ ಪುಸ್ತಕ ಈಗ ನನ್ನ ಬಳಿ ಇದೆ. ಅದು ಲೆಕ್ಕದ ಖಾತೆಪುಸ್ತಕ. ಜಮಾ ಕಾಲಂನಲ್ಲಿ ರಾಗದ ಹೆಸರು, ಖರ್ಚಿನ ಕಾಲಂನಲ್ಲಿ ತಾಳ, ನಡುವಿನ ಅಗಲವಾದ ಜಾಗದಲ್ಲಿ ಹಾಡು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಹಾಡುಗಳ ಭಾಷೆ ಬಹುಪಾಲು ತೆಲುಗು, ಅಕ್ಷರ ಕನ್ನಡ. ಕೊನೆಯ ಪುಟಗಳಲ್ಲಿ ನಿಜವಾದ ಲೆಕ್ಕವೂ ಇದೆ: ಪೆಟ್ರೋಮ್ಯಾಕ್ಸ್ ಬಾಡಿಗೆ, ಮುಖಕ್ಕೆ ಬಳಿಯುವ ಸಫೇದ ಮತ್ತು ಇಂಗಳೀಕ, ಪರದೆ ಕಟ್ಟುವ ಹಗ್ಗ, ತಬಲಾದವರ ಬಂಡಿ ಖರ್ಚು. ಪಾತ್ರಧಾರಿಗಳಿಗೆ ಸಂಬಳವೆಂದು ಒಂದೇ ಒಂದು ಸಾಲೂ ಇಲ್ಲ. ಬದಲಿಗೆ ಅವರವರ ಹೆಸರಿನ ಮುಂದೆ ಅವರು ಕೊಟ್ಟ ಚಂದಾ ಇದೆ.

ನಟನಿಗೆ ಹಣ ಕೊಡುವ ನಾಟಕ ಕಂಪನಿಗಳ ಚರಿತ್ರೆ ನಮಗೆ ಸಾಕಷ್ಟು ಗೊತ್ತಿದೆ. ನಟನೇ ಹಣ ಹಾಕಿ ನಡೆಸಿದ ಸಭೆಗಳ, ಅಂದರೆ ಹವ್ಯಾಸಿ ನಾಟಕ ಸಂಘಗಳ, ಚರಿತ್ರೆಯಲ್ಲಿ ಬಳ್ಳಾರಿಗೆ ಎಂಥ ಸ್ಥಾನವಿದೆ ಎಂಬುದು ನಮ್ಮ ಊರಿನ ಮಕ್ಕಳಿಗೇ ಗೊತ್ತಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಧರ್ಮವರಂ ರಾಮಕೃಷ್ಣಮಾಚಾರ್ಯರು 1853ರಲ್ಲಿ ಹುಟ್ಟಿದವರು, ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಿದ್ದವರು. 1886ರಲ್ಲಿ ಅವರು ಇಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದರು. ಮರುವರ್ಷ ಅವರ ತೆಲುಗು ನಾಟಕ 'ಚಿತ್ರನಳೀಯಂ' ರಂಗಕ್ಕೆ ಬಂತು. ನಳ ದಮಯಂತಿಯರ ಕಥೆ. ಬಾಹುಕನ, ಅಂದರೆ ರೂಪ ಮರೆಸಿಕೊಂಡ ನಳನ, ಪಾತ್ರವನ್ನು ಆಚಾರ್ಯರೇ ಮಾಡುತ್ತಿದ್ದರು. ಸಭೆಯಲ್ಲಿದ್ದವರು ನಾಟಕವನ್ನೇ ನಂಬಿ ಹೊಟ್ಟೆ ಹೊರೆಯುವವರಲ್ಲ, ಓದಿಕೊಂಡ ಉದ್ಯೋಗಸ್ಥರು. ನಾಟಕವಾಡುವವರನ್ನು ಮನೆಯ ಜಗುಲಿಗೂ ಕರೆಯದ ಕಾಲದಲ್ಲಿ ಕೋರ್ಟಿನಲ್ಲಿ ಕರಿಕೋಟು ತೊಟ್ಟು ವಾದಿಸುವ ಮನುಷ್ಯ ರಾತ್ರಿ ಮುಖಕ್ಕೆ ಬಣ್ಣ ಹಚ್ಚಿ, ಊರೆಲ್ಲ ನೋಡುತ್ತಿರುವಾಗ ಹಾಡುತ್ತ ಅಳುತ್ತ ನಿಂತರು. ಅದಕ್ಕೆ ಬೇಕಾದ ಎದೆಗಾರಿಕೆ ಎಷ್ಟಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅವರು ಬರೆದ ನಾಟಕಗಳು ಮೂವತ್ತರ ಆಸುಪಾಸಿನಲ್ಲಿವೆ. ತೆಲುಗರು ಅವರನ್ನು ಆಂಧ್ರ ನಾಟಕ ಪಿತಾಮಹ ಎಂದು ಕರೆಯುತ್ತಾರೆ. ದುರಂತದಲ್ಲಿ ಮುಗಿಯುವ ನಾಟಕವನ್ನು ತೆಲುಗಿಗೆ ತಂದ 'ವಿಷಾದ ಸಾರಂಗಧರ'ವೂ ಅವರದೇ. ಆದರೆ ನನ್ನಂಥ ಪೆಟ್ಟಿಗೆ ನುಡಿಸುವವನಿಗೆ ಅವರು ಮುಖ್ಯರಾಗುವುದು ಬೇರೆ ಕಾರಣಕ್ಕೆ. ಮಾತು, ಪದ್ಯ, ಹಾಡು ಈ ಮೂರನ್ನೂ ಒಂದೇ ನಾಟಕದಲ್ಲಿ ಹೆಣೆದು, ತೆಲುಗು ರಂಗಭೂಮಿಗೆ ಹಾಡಿನ ಹಾದಿಯನ್ನು ತೆರೆದವರು ಅವರು. ಪಾತ್ರ ಮಾತಿನಿಂದ ಹಾಡಿಗೆ ದಾಟುವ ಆ ಒಂದು ಕ್ಷಣದಲ್ಲಿ ಸಂಗೀತ ನಾಟಕದ ಜೀವವಿದೆ. ನಟನ ಮಾತಿನ ಕೊನೆಯ ಪದ ಬಾಯಿಂದ ಹೊರಡುವ ಮೊದಲೇ ಮಾಸ್ತರರ ಬೆರಳು ಷಡ್ಜದ ಮೇಲಿರಬೇಕು. ತುಸು ಮುಂಚೆ ಒತ್ತಿದರೆ ಮಾತು ಕೆಡುತ್ತದೆ, ತುಸು ತಡವಾದರೆ ಭಾವ ಕೆಡುತ್ತದೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ತಾತ ನನಗೆ ಇದನ್ನು ಕಲಿಸಿದ್ದು ತೊಡೆಯ ಮೇಲೆ ಬೆರಳಿನಿಂದ ತಟ್ಟಿ.

ಈ ಸಂಗೀತ ನಾಟಕದ ಗಾಳಿ ಒಂದೇ ದಿಕ್ಕಿನಿಂದ ಬೀಸಿದ್ದಲ್ಲ. ಗದಗಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಶಾಂತಕವಿಗಳು 1870ರ ದಶಕದಲ್ಲೇ ಕೃತಪುರ ನಾಟಕ ಮಂಡಳಿಯ ಮೂಲಕ ಕನ್ನಡ ನಾಟಕಗಳನ್ನು ಆಡಿಸಿದ್ದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಸರಕಾರಿ ನೌಕರಿಯಲ್ಲಿದ್ದುಕೊಂಡೇ 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ಆಡಿ ತೋರಿಸಿದರು. ಅದೇ ಹೊತ್ತಿಗೆ ಧಾರವಾಡದ ನಾಟಕ ತಂಡವೊಂದು ರಾಜಮಹೇಂದ್ರವರದವರೆಗೆ ಹೋಗಿ ಆಡಿ ಬಂತು. ಅದನ್ನು ಕಂಡ ಉತ್ಸಾಹದಲ್ಲೇ ತೆಲುಗು ಲೇಖಕ ಕಂದುಕೂರಿ ವೀರೇಶಲಿಂಗಂ ಅವರು ಅಲ್ಲಿ ತೆಲುಗು ನಾಟಕ ಆಡಿಸಿದರು. ಶಿಕ್ಷಕರು, ಗುಮಾಸ್ತರು, ವಕೀಲರು. ಕನ್ನಡ, ಮರಾಠಿ, ತೆಲುಗು. ಒಬ್ಬರ ಹಾಡಿನ ಧಾಟಿ ಇನ್ನೊಬ್ಬರ ಊರಿಗೆ ಹೋಗಿ ಬೇರೆ ಮಾತು ತೊಟ್ಟುಕೊಳ್ಳುತ್ತಿತ್ತು. ನಾಟಕದವರು ಆ ಧಾಟಿಯನ್ನೇ 'ಮಟ್ಟು' ಎನ್ನುತ್ತಾರೆ.

ಇನ್ನು ಮದರಾಸಿನ ಸಂಗತಿ. ಇದನ್ನು ಹೇಳುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ. 1891ರಲ್ಲಿ ಸರಸ ವಿನೋದಿನಿ ಸಭೆ ಮದರಾಸಿಗೆ ಹೋಗಿ ನಾಟಕಗಳನ್ನು ಆಡಿತು. ಪ್ರೇಕ್ಷಕರಲ್ಲಿ ಹದಿನೆಂಟು ವರ್ಷದ ಒಬ್ಬ ವಿದ್ಯಾರ್ಥಿಯಿದ್ದ, ಹೆಸರು ಪಮ್ಮಲ್ ಸಂಬಂಧ ಮೊದಲಿಯಾರ್. ಅಲ್ಲಿಯವರೆಗೆ ನಾಟಕವೆಂದರೆ ಅಸಡ್ಡೆಯಿಂದಿದ್ದ ಹುಡುಗ ಬಳ್ಳಾರಿಯ ವಕೀಲರನ್ನು ರಂಗದ ಮೇಲೆ ಕಂಡ. ಮರ್ಯಾದಸ್ಥರು ಎನಿಸಿಕೊಂಡವರು ಹೀಗೆ ಆಡಬಹುದಾದರೆ ನಾವೇಕೆ ಆಡಬಾರದು ಎಂದುಕೊಂಡ. ಅದೇ ವರ್ಷದ ಜುಲೈ 1ರಂದು ಗೆಳೆಯರೊಂದಿಗೆ ಸೇರಿ ಸುಗುಣ ವಿಲಾಸ ಸಭೆಯನ್ನು ಸ್ಥಾಪಿಸಿದ. ತಮಿಳು ಆಧುನಿಕ ರಂಗಭೂಮಿಯ ಕಥೆ ಹೇಳುವವರೆಲ್ಲ ಆ ಸಭೆಯಿಂದ ಶುರುಮಾಡುತ್ತಾರೆ. ಮುಂದೆ ಸತ್ಯಮೂರ್ತಿಯಂಥ ರಾಜಕಾರಣಿಗಳೂ ಆ ಸಭೆಯ ರಂಗವೇರಿದರು. ಸಂಬಂಧ ಮೊದಲಿಯಾರ್ ಮುಂದೆ ನ್ಯಾಯಾಧೀಶರಾದರು, ಹತ್ತಾರು ನಾಟಕ ಬರೆದರು. ಅದಕ್ಕಿಂತ ಹೆಚ್ಚಾಗಿ, ತಮ್ಮ ರಂಗದ ನೆನಪುಗಳನ್ನು ಸಂಪುಟ ಸಂಪುಟವಾಗಿ ಬರೆದಿಟ್ಟರು. ಹೀಗಾಗಿ ಸುಗುಣ ವಿಲಾಸ ಸಭೆ ಹೇಗೆ ತಾಲೀಮು ಮಾಡುತ್ತಿತ್ತು, ಹೇಗೆ ಜಗಳವಾಡುತ್ತಿತ್ತು, ಹೇಗೆ ಹಣ ಹೊಂದಿಸುತ್ತಿತ್ತು ಎಂಬುದು ಇಂದು ಓದಲು ಸಿಗುತ್ತದೆ. ಅವರಿಗೆ ಕಿಡಿ ಕೊಟ್ಟ ನಮ್ಮ ಬಳ್ಳಾರಿ ಸಭೆಯ ಬಗ್ಗೆ ಅಂಥ ಪುಸ್ತಕವೊಂದನ್ನು ನಾನು ಇದುವರೆಗೆ ಕಂಡಿಲ್ಲ.

ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ (ಎ.ಡಿ.ಎ.) ಹುಟ್ಟಿದ್ದು 1909ರಲ್ಲಿ. ಆಗ ಸರಸ ವಿನೋದಿನಿ ಸಭೆ ಹುಟ್ಟಿ ಇಪ್ಪತ್ತಮೂರು ವರ್ಷ ಕಳೆದಿತ್ತು. ಎ.ಡಿ.ಎ. ಸಂಸ್ಥೆಯ ಹೆಸರಿನ ರಂಗಮಂದಿರ ಜೆ.ಸಿ. ರಸ್ತೆಯಲ್ಲಿ ಇಂದಿಗೂ ನಾಟಕಗಳಿಗೆ ಬಾಗಿಲು ತೆರೆಯುತ್ತದೆ. ಅದನ್ನು ಕಂಡಾಗಲೆಲ್ಲ ಸಂತೋಷವಾಗುತ್ತದೆ, ಹಿಂದೆಯೇ ನಮ್ಮೂರಿನ ನೆನಪಾಗಿ ಮನಸ್ಸು ಭಾರವಾಗುತ್ತದೆ.

ಬಳ್ಳಾರಿಯಲ್ಲಿ ಇದ್ದದ್ದು ಒಂದೇ ಸಭೆಯಲ್ಲ. ಕೋಲಾಚಲಂ ಶ್ರೀನಿವಾಸರಾಯರು 1854ರಲ್ಲಿ ಹಂಪಿಯ ಪಕ್ಕದ ಕಮಲಾಪುರದಲ್ಲಿ ಹುಟ್ಟಿದವರು, ಅವರೂ ವಕೀಲರು. ಅವರ ಸುಮನೋರಮ ಸಭೆ ಸರಸ ವಿನೋದಿನಿಗೆ ಎದುರಾಳಿಯಾಗಿ ನಿಂತಿತು. ಒಂದೇ ಊರು, ಒಂದೇ ಕೋರ್ಟು, ಇಬ್ಬರು ವಕೀಲರು, ಎರಡು ಸಭೆಗಳು! ಆಚಾರ್ಯರಿಗೆ ಪುರಾಣ ಒಲಿದರೆ ರಾಯರಿಗೆ ಚರಿತ್ರೆ ಒಲಿಯಿತು. ಹಾಳು ಹಂಪಿಯ ಮಗ್ಗುಲಲ್ಲಿ ಹುಟ್ಟಿದ ಅವರು ವಿಜಯನಗರದ ಪತನವನ್ನೇ ವಸ್ತುವಾಗಿಸಿ ರಾಮರಾಜನ ನಾಟಕ ಬರೆದರು. ಆ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರದಿಂದ ಹೆಸರಾದವರು ಧರ್ಮವರಂ ಅವರ ಸೋದರಳಿಯ, ನಮ್ಮೆಲ್ಲರ ಬಳ್ಳಾರಿ ರಾಘವರು. ಮಾವನ ಸಭೆ ಒಂದು, ಅಳಿಯನ ಪ್ರಸಿದ್ಧ ಪಾತ್ರ ಎದುರು ಸಭೆಯ ನಾಟಕಕಾರರದು. ಹವ್ಯಾಸಿಗಳ ಪೈಪೋಟಿಯಲ್ಲಿ ಇಂಥ ಔದಾರ್ಯಕ್ಕೂ ಜಾಗವಿತ್ತು.

ರಾಘವರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರೂ ಕೊನೆಯವರೆಗೆ ವಕೀಲರೇ, ನಟನೆಯನ್ನು ಹೊಟ್ಟೆಪಾಡು ಮಾಡಿಕೊಂಡವರಲ್ಲ. ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ಪದ್ಯವನ್ನು ಎಳೆದೆಳೆದು ಹಾಡಿ ಚಪ್ಪಾಳೆ ಗಿಟ್ಟಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹಾಡಿನ ಮನೆಯಲ್ಲೇ ಬೆಳೆದು ಹಾಡಿನ ಅತಿಯನ್ನು ಪ್ರಶ್ನಿಸಿದವರು ಅವರು. ನಮ್ಮ ಹಿಂದಿನ ತಲೆಮಾರಿನ ಹಾರ್ಮೋನಿಯಂನವರಿಗೆ ಈ ವಿಷಯದಲ್ಲಿ ಅವರ ಮೇಲೆ ಮುನಿಸೂ ಇತ್ತು, ಅಪಾರ ಗೌರವವೂ ಇತ್ತು. ಬಳ್ಳಾರಿಯಲ್ಲಿ ರಾಘವರ ಹೆಸರಿನ ಕಲಾಮಂದಿರವಿದೆ, ಅವರ ಒಡನಾಡಿಯಾಗಿದ್ದ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವಿದೆ. ಇವೆರಡೂ ನಮ್ಮ ಭಾಗ್ಯ. ಆದರೆ ಮರದ ತುದಿಯ ಹೂವಿಗೆ ಕೈಮುಗಿದು ಬೇರಿಗೆ ನೀರು ಹಾಕದಿದ್ದರೆ ಹೇಗೆ? ಸಭೆಗಳಿಲ್ಲದೆ ರಾಘವರು ಇರುತ್ತಿರಲಿಲ್ಲ.

ಈ ಮರೆವಿಗೆ ಕಾರಣ ಹುಡುಕುತ್ತ ಹೋದರೆ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು 1953ರಲ್ಲಿ. ಮದರಾಸು ಪ್ರಾಂತ್ಯ ಒಡೆದು ಆಂಧ್ರ ರಾಜ್ಯವಾದಾಗ ನಮ್ಮ ಜಿಲ್ಲೆಯೂ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ಬಳ್ಳಾರಿ ತಾಲ್ಲೂಕಿಗಾಗಿ ಹಗ್ಗಜಗ್ಗಾಟ ನಡೆದು, ಮಿಶ್ರಾ ಆಯೋಗ ಕುಳಿತು, ಕೊನೆಗೆ ಅದು ಮೈಸೂರಿಗೆ ಸೇರಿತು. ಕನ್ನಡಿಗನಾಗಿ ನನಗೆ ಆ ತೀರ್ಮಾನ ಪ್ರಾಣಸಮಾನ. ಅದಕ್ಕಾಗಿ ಹೋರಾಡಿದವರ ಋಣ ನಮ್ಮ ಮೇಲಿದೆ. ಆದರೆ ಸಭೆಗಳ ನೆನಪು ಆ ಗಡಿರೇಖೆಯ ಮೇಲೆ ಅನಾಥವಾಗಿ ನಿಂತಿತು. ಅವರು ಬರೆದದ್ದು ತೆಲುಗಿನಲ್ಲಿ ಎಂದು ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವರು ಒಂದೆರಡು ಸಾಲಿನಲ್ಲಿ ಮುಂದೆ ಹೋದರು. ತೆಲುಗಿನವರು ನಾಟಕಕಾರರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು, ಅವರು ಬದುಕಿದ ಊರು ಮಾತ್ರ ಅವರ ಕೈಗೆ ಸಿಗಲಿಲ್ಲ. ನಾಟಕ ಅವರ ಪಾಲಿಗೆ ಹೋಯಿತು, ನಾಟಕವಾಡಿದ ಓಣಿ ನಮ್ಮ ಪಾಲಿಗೆ ಬಂತು.

ತಾತನ ಪುಸ್ತಕವನ್ನು ನೋಡಿದರೆ ಈ ಪಾಲುಪಟ್ಟಿ ಎಷ್ಟು ಅಸಹಜ ಎಂದು ತಿಳಿಯುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಬಜಾರಿನಲ್ಲಿ ತೆಲುಗು ಮತ್ತು ಉರ್ದು, ರಂಗದ ಮೇಲೆ ಯಾವುದು ಒದಗಿತೋ ಅದು. ತೆಲುಗು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅದಕ್ಕೆ ಪಾರ್ಸಿ ನಾಟಕ ಕಂಪನಿಗಳ ಮಟ್ಟು ಹಾಕಿ ಹಾಡಿದವರು ಅವರು. ಬಳ್ಳಾರಿ ಎಂದರೆ ಇದೇ ಅಲ್ಲವೇ? ತೆಲುಗಿನ ಈ ಸಭೆಗಳನ್ನು ನಮ್ಮವೆಂದು ಎದೆಗೆ ಅಪ್ಪಿಕೊಂಡರೆ ಕನ್ನಡಕ್ಕೆ ಕುಂದಾಗುವುದಿಲ್ಲ. ಇಲ್ಲಿ ಕನ್ನಡ ಹವ್ಯಾಸಿ ನಾಟಕ ಬೆಳೆದದ್ದೂ ಇದೇ ನೆಲದಲ್ಲಿ, ಇವೇ ಹಾರ್ಮೋನಿಯಂಗಳ ಜೊತೆಯಲ್ಲಿ.

ಈಗ ನನ್ನ ಅಳಲಿನ ತಿರುಳಿಗೆ ಬರುತ್ತೇನೆ. ಅಚ್ಚಾದ ಹಳೆಯ ನಾಟಕಗಳು ಹುಡುಕಿದರೆ ಸಿಗುತ್ತವೆ. ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ. ಓದಿದವರು ಸಂಗೀತವೂ ಉಳಿದಿದೆ ಎಂದುಕೊಳ್ಳುತ್ತಾರೆ. ಉಳಿದಿಲ್ಲ. ಕಾಂಬೋಧಿ ಎಂದು ಬರೆದ ಮಾತ್ರಕ್ಕೆ ಆ ಹಾಡು ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಯಾವ ಪದದ ಮೇಲೆ ಒನ್ಸ್ ಮೋರ್ ಬರುತ್ತಿತ್ತು ಎಂದು ತಿಳಿಯುವುದಿಲ್ಲ. ಎಷ್ಟೋ ಹಾಡುಗಳಿಗೆ ರಾಗದ ಹೆಸರೂ ಇರುವುದಿಲ್ಲ. ಇಂಥ ಹಾಡಿನಂತೆ ಹಾಡಿಕೊಳ್ಳಿ ಎಂದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಹಾಡಿನ ಮೊದಲ ಪದಗಳನ್ನು ಕೊಟ್ಟಿರುತ್ತಾರೆ. ಆ ಹಾಡೇ ಇಂದು ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆ ಇದೆ, ಬೀಗವೂ ಇದೆ, ಕೀಲಿಕೈ ಮಾತ್ರ ಎಂಬತ್ತು ದಾಟಿದ ಕೆಲವರ ಗಂಟಲಿನಲ್ಲಿದೆ.

ಕಾಗದಗಳ ಗತಿಯೂ ಇದೇ. ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಕಟ್ಟಡದ ಕೋಣೆಯನ್ನು ತೆರವು ಮಾಡುತ್ತಿದ್ದಾರೆಂದು ತಿಳಿದು ಓಡಿ ಹೋದೆ. ನಾಟಕದ ಹ್ಯಾಂಡ್‌ಬಿಲ್ಲುಗಳು, ಪಾತ್ರಗಳ ಮಾತನ್ನು ಮಾತ್ರ ಬರೆದುಕೊಂಡ ಪಾರ್ಟಿನ ಹಾಳೆಗಳು, ಗೆದ್ದಲು ತಿಂದ ಫೋಟೋಗಳು, ಎಲ್ಲವೂ ರದ್ದಿಯವನ ತಕ್ಕಡಿಯ ಮೇಲಿದ್ದವು. ಅವನ ಕೈಕಾಲು ಹಿಡಿದು ಒಂದು ಚೀಲದಷ್ಟು ಕೊಂಡು ತಂದೆ. ಉಳಿದದ್ದು ಆಗಲೇ ಲಾರಿ ಹತ್ತಿತ್ತು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಇಂಥದ್ದನ್ನು ಒಯ್ದು ಕೊಡಲು ಊರಿನಲ್ಲಿ ಒಂದು ಜಾಗವೇ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಪ್ರತಿಮೆ ಬೇಡ, ಉತ್ಸವ ಬೇಡ. ಈಗಿರುವ ರಂಗಮಂದಿರಗಳಲ್ಲಿ ಒಂದರೊಳಗೆ ಸೋರದ, ಗೆದ್ದಲು ಹತ್ತದ ಒಂದು ಕೋಣೆಯನ್ನು ಸಭೆಗಳ ಹೆಸರಿನಲ್ಲಿ ಕೊಡಿ. ಒಂದು ಸ್ಕ್ಯಾನರ್, ಒಂದು ಒಳ್ಳೆಯ ಧ್ವನಿಮುದ್ರಣ ಯಂತ್ರ, ಕನ್ನಡ ತೆಲುಗು ಎರಡೂ ಬಲ್ಲ, ಸ್ವರಜ್ಞಾನವಿರುವ ಒಬ್ಬ ಯುವಕ ಅಥವಾ ಯುವತಿ, ಇಷ್ಟು ಸಾಕು. ಮೊದಲ ವರ್ಷ ಕಾಗದವನ್ನು ಬದಿಗಿಟ್ಟು ಜನರ ಬಳಿಗೆ ಹೋಗಬೇಕು. ಸಿರುಗುಪ್ಪ, ಕುರುಗೋಡು, ಸಂಡೂರು, ಕೂಡ್ಲಿಗಿಯ ಹಳ್ಳಿಗಳಲ್ಲಿ ಇನ್ನೂ ಪೆಟ್ಟಿಗೆ ಮುಂದೆ ಕೂರುವ ಮಾಸ್ತರರಿದ್ದಾರೆ. ಅವರು ಯಾವ ಶ್ರುತಿಗೆ, ಪೆಟ್ಟಿಗೆಯ ಕರಿ ಮನೆ ನಾಲ್ಕಕ್ಕೋ ಬಿಳಿ ಮನೆ ಎರಡಕ್ಕೋ, ಯಾವ ನಾಟಕಕ್ಕೆ, ಯಾರಿಂದ ಕಲಿತು ಹಾಡುತ್ತಿದ್ದಾರೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು. 2021ರಲ್ಲಿ ಜಿಲ್ಲೆ ಎರಡಾಗಿ ಕಮಲಾಪುರ, ಹೊಸಪೇಟೆ, ಕೂಡ್ಲಿಗಿ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಒಂದು ಕೆಲಸದಲ್ಲಾದರೂ ಎರಡೂ ಜಿಲ್ಲಾಡಳಿತಗಳು ಕೈಜೋಡಿಸಲಿ. ಆದವಾನಿ, ರಾಯದುರ್ಗ, ಅನಂತಪುರದ ಮನೆಗಳಿಗೂ ಹೋಗಬೇಕು, ಅಲ್ಲಿನ ಅಟ್ಟಗಳಲ್ಲಿ ನಮ್ಮ ಊರಿನ ಕಾಗದಗಳಿವೆ ಎಂಬ ನಂಬಿಕೆ ನನಗಿದೆ.

ಇದು ಸತ್ತುಹೋದ ಕಲೆಯ ಶ್ರಾದ್ಧವೆಂದು ದಯವಿಟ್ಟು ಭಾವಿಸಬೇಡಿ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಯುವಕರು ಚಂದಾ ಎತ್ತಿ, ಸೀನರಿ ಬಾಡಿಗೆಗೆ ತಂದು, ಎರಡು ತಿಂಗಳು ತಾಲೀಮು ಮಾಡಿ 'ರಕ್ತರಾತ್ರಿ' ಆಡುತ್ತಾರೆ. ಟ್ರ್ಯಾಕ್ಟರ್ ಓಡಿಸುವ ಹುಡುಗ ಶಕುನಿಯಾಗುತ್ತಾನೆ. ಆ ನಾಟಕದ ದ್ರೌಪದಿಯಾಗಿ ಮನೆಮಾತಾಗಿದ್ದ ಸುಭದ್ರಮ್ಮ ಮನ್ಸೂರು ಅವರು 2020ರಲ್ಲಿ ನಮ್ಮನ್ನು ಅಗಲಿದರು. ಅವರು ಹಾಡುತ್ತಿದ್ದಾಗ ಹಿಂದಿನ ಸಾಲಿನ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಮರಿಯಮ್ಮನಹಳ್ಳಿಯ ಕಲಾವಿದೆಯರು ಈಗಲೂ ಈ ಹವ್ಯಾಸಿ ನಾಟಕಗಳಿಗೆ ಬಂದು, ರಾತ್ರಿಯಿಡೀ ಹಾಡಿ, ಬೆಳಗಿನ ಬಸ್ಸು ಹಿಡಿದು ಮನೆಗೆ ಹೋಗುತ್ತಾರೆ. ಅವರ ಬಾಯಲ್ಲಿ ಎಷ್ಟು ಮಟ್ಟುಗಳಿವೆ ಎಂದು ಅವರನ್ನು ಯಾರಾದರೂ ಕೂರಿಸಿ ಕೇಳಿದ್ದೇವೆಯೇ? ಕೇಳುವ ದಿನ ಅವರ ದಿನಗೂಲಿಯನ್ನೂ ಗೌರವವನ್ನೂ ಕೊಟ್ಟು ಕೇಳಬೇಕು.

ಊರಿನ ಬಂಧುಗಳಲ್ಲಿ ಒಂದು ಬೇಡಿಕೆ. ನಿಮ್ಮ ಅಜ್ಜ, ಮುತ್ತಜ್ಜ ನಾಟಕದಲ್ಲಿದ್ದರೆ ಮನೆಯ ಟ್ರಂಕು ತೆರೆದು ನೋಡಿ. ಹರಿದ ಹಾಳೆಯನ್ನೂ ಎಸೆಯಬೇಡಿ. ಹಾಡು ಬರೆದ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ನಾಲ್ಕು ಸ್ವರಗಳು ಒಂದು ಇಡೀ ಹಾಡನ್ನು ಎಬ್ಬಿಸಿ ಕೂರಿಸಬಲ್ಲವು.

ಕೋಣೆ ಸಿದ್ಧವಾದ ದಿನ ತಾತನ ಪುಸ್ತಕವನ್ನು ನಾನೇ ತಂದು ಅಲ್ಲಿ ಇಡುತ್ತೇನೆ. ರದ್ದಿಯಿಂದ ಬಿಡಿಸಿ ತಂದ ಚೀಲವನ್ನೂ ಇಡುತ್ತೇನೆ. ವಾರಕ್ಕೆ ಮೂರು ದಿನ ಬಂದು ಕೂತು ಕೆಲಸ ಮಾಡಲು ಸಿದ್ಧನಿದ್ದೇನೆ, ಸಂಬಳ ಬೇಡ. ಅಷ್ಟರೊಳಗೆ ಒಂದು ಸಹಾಯ ಬೇಕು. ಆ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ದಮಯಂತಿಯ ಹಾಡೊಂದಿದೆ. ಕಾಡಿನಲ್ಲಿ ಎಚ್ಚರಗೊಂಡು ಪಕ್ಕದಲ್ಲಿ ನಳನಿಲ್ಲದ್ದನ್ನು ಕಂಡಾಗ ಹಾಡುವುದು. ಜಮಾ ಕಾಲಂ ಖಾಲಿ, ಖರ್ಚಿನ ಕಾಲಂನಲ್ಲಿ ಆದಿತಾಳ ಎಂದಿದೆ, ಕೆಳಗೆ ತಾತನ ಕೈಬರಹದಲ್ಲಿ "ಮಟ್ಟು ಎಲ್ಲರಿಗೂ ಗೊತ್ತು" ಎಂದಿದೆ. ಕಂಪ್ಲಿ ಕಡೆಯ ಆ ಮಾಸ್ತರರು ದಸರೆಯಂದು ಅದರ ಪಲ್ಲವಿಯನ್ನು ಒಮ್ಮೆ ಹಾಡಿದ್ದರು, ಅನುಪಲ್ಲವಿ ನಾಳೆ ಎಂದಿದ್ದರು. ಅದರ ಉಳಿದ ಭಾಗ ಗೊತ್ತಿರುವವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ, ಪೆಟ್ಟಿಗೆ ಹೊತ್ತುಕೊಂಡು ನಾನೇ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಹಾರ್ಮೋನಿಯಂ ವಾದಕ